ಕಡಲೆಯ ಬೇರುರೋಗಗಳೂ ‘ಕೊಳೆ’ ಎಂಬ ಶಬ್ದವೂ

ಸಸ್ಯವ್ಯಾಧಿಗಳನ್ನು ಹೇಳುವ ಕನ್ನಡ ಶಬ್ದಗಳಲ್ಲಿ ‘ಕೊಳೆರೋಗ’ವು ಬಹು ಪ್ರಸಿದ್ಧವಾದುದು. ಕಾಫಿಗಿಡದ ಎಲೆಗಳನ್ನು ಕಪ್ಪಾಗಿಸಿ ಕೊಳೆಯಿಸುವ ಶಿಲೀಂಧ್ರಕ್ಕೆ ಕುಕ್ ಎಂಬ ಆಂಗ್ಲ ವಿದ್ವಾಂಸನು ೧೮೭೬ರಲ್ಲಿ ‘ಪೆಲ್ಲಿಕ್ಯುಲೇರಿಯ ಕೊಳೆರೋಗ’ ಎಂದು ಹೆಸರಿಟ್ಟನು. ಅದರಿಂದ ಈ ಪದವು ಲ್ಯಾಟಿನ್ ನಾಮಾವಳಿಯನ್ನೇ ಸೇರಿತು. ಮೈಸೂರು ಸಂಸ್ಥಾನದಲ್ಲಿ ಸಸ್ಯರೋಗತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ನರು ೧೯೧೦ರಲ್ಲಿ ಪ್ರಕಟಿಸಿದ ಪ್ರಬಂಧವೂ ಅಡಕೆಯ ಕೊಳೆರೋಗವನ್ನು ಕುರಿತದ್ದೇ. ಇವೆರಡೂ ಮಳೆಯು ಎಡೆಬಿಡದೆ ಸುರಿಯುವ ಸೀಮೆಯ ವ್ಯಾಧಿಗಳು. ಆದಕಾರಣ ‘ಕೊಳೆ’ ಎಂದೊಡನೆ ತೇವವೇ ಅದಕ್ಕೆ ಕಾರಣವೆಂಬ ಭಾವನೆಯುಂಟಾಗುವುದು ಸಹಜವಾಗಿದೆ.

ಈ ಶಬ್ದವನ್ನೇ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಕಡಲೆಯ ಬೆಳೆಗೆ ಅನ್ವಯಿಸುವಾಗ ವಿವೇಚನೆಯು ಅವಶ್ಯಕ. ಅಲ್ಲಿ ವರ್ಷಕ್ಕೆ ಬೀಳುವ ಮಳೆಯು ಸುಮಾರು ೫೦೦ ಮಿಲಿಮೀಟರ್ ಮಾತ್ರ. ಎರೆಭೂಮಿಯಲ್ಲಿ ಹಿಂಗಾರಿಗೆ ಬಿತ್ತಿದ ಕಡಲೆಯು, ಎಂದರೆ ಸಂಸ್ಕೃತದ ಚಣಕವು, ನೆಲದಲ್ಲಿ ಉಳಿದ ತೇವವನ್ನೇ ನಂಬಿ ಬೆಳೆಯತಕ್ಕದ್ದು. ಹೂವು ಕಾಯಾಗುವ ಕಾಲಕ್ಕೆ ಆ ತೇವವು ಆರಿ, ಉಷ್ಣವು ೩೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿದರೆ ‘ಒಣ ಬೇರುಕೊಳೆ’ ತಲೆದೋರುತ್ತದೆ. ಗಿಡವು ಹುಲ್ಲಿನ ಬಣ್ಣಕ್ಕೆ ತಿರುಗಿ ಒಣಗುತ್ತದೆ, ಕಿತ್ತರೆ ಕವಲುಬೇರುಗಳಿರುವುದಿಲ್ಲ, ತಾಯಿಬೇರು ಪುಳ್ಳೆಯಂತೆ ಮುರಿಯುತ್ತದೆ. ಇದಕ್ಕೆ ಕಾರಣವಾದ ಶಿಲೀಂಧ್ರಕ್ಕೆ ರೈಜೊಕ್ಟೋನಿಯ ಬಟಾಟಿಕೋಲ ಎಂದೂ ಮ್ಯಾಕ್ರೊಫೊಮಿನ ಎಂದೂ ಹೆಸರುಂಟು.

ಕಡಲೆಗೆ ಬರುವ ಬೇರೆ ಎರಡು ರೋಗಗಳನ್ನು ಇದರೊಡನೆ ಬೆರಸಬಾರದು. ಬಿತ್ತನೆಯ ಹೊತ್ತಿನಲ್ಲಿ ಮಳೆ ಹೆಚ್ಚಿ ನೆಲವು ತೊಯ್ದಿರುವಲ್ಲಿ, ಹಿಂದಿನ ಬೆಳೆಯ ಕಸಕಡ್ಡಿ ಅರೆಗೊಳೆತು ಉಳಿದಿದ್ದರೆ, ಎಳೆಯ ಸಸಿಗಳಿಗೆ ಬುಡಕೊಳೆ ಹತ್ತುತ್ತದೆ. ಇದು ಸ್ಕ್ಲೆರೋಶಿಯಂ ಎಂಬ ಶಿಲೀಂಧ್ರದ ಕಾರ್ಯ. ಬುಡದಲ್ಲಿ ಬಿಳಿಯ ನೂಲೂ ಸಾಸಿವೆಯಂಥ ಕಾಳುಗಳೂ ಇದರ ಚಿಹ್ನೆ. ಎರಡನೆಯದು ಫ್ಯುಸೇರಿಯಂನಿಂದ ಬರುವ ಸೊರಗು ರೋಗ. ಇದರಲ್ಲಿ ಬೇರು ಹೊರಗೆ ನಿರ್ದುಷ್ಟವಾಗಿ ಕಂಡರೂ ಸೀಳಿ ನೋಡಿದರೆ ಒಳಗೆ ಕಪ್ಪುಗೆರೆಯಿರುತ್ತದೆ. ಕಡಲೆಯನ್ನು ಬಿತ್ತದಿದ್ದರೂ ಈ ಶಿಲೀಂಧ್ರವು ಮಣ್ಣಿನಲ್ಲಿ ಆರು ವರ್ಷಗಳವರೆಗೆ ಬದುಕಿರಬಲ್ಲದು.

ಹೆಸರು ತಪ್ಪಿದರೆ ಚಿಕಿತ್ಸೆಯೂ ತಪ್ಪುತ್ತದೆ. ಬುಡಕೊಳೆಗೆ ನೀರನ್ನು ಬಸಿದು ಕಸವನ್ನು ತೆಗೆಯುವುದು ಉಪಾಯ. ಒಣ ಬೇರುಕೊಳೆಗೆ ಸಕಾಲದ ಬಿತ್ತನೆಯೂ, ಬಾವಿಯುಳ್ಳವರು ಕಾಯಿಕಟ್ಟುವಾಗ ಕೊಡುವ ಒಂದು ತೆಳುನೀರೂ ರಕ್ಷೆ. ಇಲ್ಲಿ ‘ಕೊಳೆ’ ಎಂಬ ಮಾತನ್ನು ನಂಬಿ ನೀರನ್ನು ತಡೆದರೆ ರೋಗಕ್ಕೆ ಸಹಾಯ ಮಾಡಿದಂತಾಗುವುದು. ಸೊರಗು ರೋಗವನ್ನು ತಾಳುವ ತಳಿಗಳು ದೊರೆತಿವೆ. ಆದರೆ ಅವೆಲ್ಲವೂ ಒಣ ಬೇರುಕೊಳೆಯನ್ನು ತಾಳುವುವೆಂದು ಭಾವಿಸಬಾರದು. ಬೆಳೆಯ ಸರದಿಯನ್ನು ಬದಲಿಸುವುದೂ ಇದಕ್ಕೆ ಪೂರ್ಣ ಪರಿಹಾರವಲ್ಲ. ಏಕೆಂದರೆ ಆ ಸೀಮೆಯ ಮುಖ್ಯ ಬೆಳೆಯಾದ ಶೇಂಗಾವನ್ನೂ, ಜೋಳವನ್ನೂ ಅದೇ ಶಿಲೀಂಧ್ರವು ಆಶ್ರಯಿಸುತ್ತದೆ.

ಹೀಗಿರುವುದರಿಂದ ನಿಘಂಟುಕಾರರೂ ಪಾಠಪುಸ್ತಕಗಳನ್ನು ಬರೆಯುವವರೂ ‘ಬೇರುಕೊಳೆ’ ಎಂಬ ಒಂದೇ ಪದದಿಂದ ತೃಪ್ತರಾಗದೆ, ಒಣಕೊಳೆ, ಬುಡಕೊಳೆ, ಸೊರಗು ಎಂದು ಪ್ರತ್ಯೇಕಿಸಿ, ಪ್ರತಿಯೊಂದಕ್ಕೂ ನೆಲದ ತೇವದ ಸ್ಥಿತಿಯನ್ನು ಸೇರಿಸಿ ಅರ್ಥವನ್ನು ಬರೆಯುವುದು ಯುಕ್ತವಾಗಿದೆ.