ಬಿಸಿಲೆ: ವಾರಾಂತ್ಯದ ವಿಶ್ರಾಂತಿ ಪ್ರವಾಸ ಹಾಗೂ ಅರಣ್ಯ ಪ್ರವೇಶಾನುಮತಿ – ಸಾರ್ವಜನಿಕರಿಗೆ ಮಾಹಿತಿ

ಹಾಸನ ಜಿಲ್ಲೆ ಸಕಲೇಶಪುರ ತಾಲ್ಲೂಕಿನ ದಕ್ಷಿಣದ ಅಂಚಿನಲ್ಲಿರುವ ಬಿಸಿಲೆ ಗ್ರಾಮ ಹಾಗೂ ಅದಕ್ಕೆ ಹೊಂದಿಕೊಂಡ ಮೀಸಲು ಅರಣ್ಯವು ಹಾಸನ, ಕೊಡಗು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಸಂಧಿಸುವ ಸ್ಥಳದಲ್ಲಿದೆ. ಶನಿವಾರ, ಭಾನುವಾರಗಳನ್ನು ಗದ್ದಲವಿಲ್ಲದ ಕಡೆ ಕಳೆಯಬಯಸುವ ನಾಗರಿಕರು ಈ ಪ್ರದೇಶದ ಬಗ್ಗೆ ವಿಚಾರಿಸುವುದು ಹಾಗೂ ಅರಣ್ಯ ಪ್ರವೇಶಕ್ಕೆ ಅನುಮತಿ ಕೋರುವುದು ಸಾಮಾನ್ಯವಾಗಿದೆ. ಅರ್ಜಿಯು ಸಂಬಂಧಪಡದ ಕಚೇರಿಗೆ ಸಲ್ಲಿಕೆಯಾದಲ್ಲಿ, ಅಲ್ಲಿಂದ ವರ್ಗಾವಣೆಗೊಂಡು ಸರಿಯಾದ ಕಚೇರಿಯನ್ನು ತಲುಪುವಷ್ಟರಲ್ಲಿ ಅರ್ಜಿದಾರರು ನಮೂದಿಸಿದ ದಿನಾಂಕವೇ ಕಳೆದಿರುತ್ತದೆ. ಇದನ್ನು ತಪ್ಪಿಸುವ ಉದ್ದೇಶದಿಂದ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ.

ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವವರು ಮೊದಲು ದೋಣಿಯ ವೇಳೆ ವಿಚಾರಿಸುತ್ತಾರೆ. ಮಳೆಗಾಲದಲ್ಲಿ ದೋಣಿಯೇ ಇರುವುದಿಲ್ಲವೆಂಬುದನ್ನೂ ತಿಳಿದಿರುತ್ತಾರೆ. ಬಿಸಿಲೆಗೆ ಹೊರಡುವವರು ಮಾತ್ರ ರಸ್ತೆ ಇದೆ, ವಾಹನ ಇದೆ ಎಂಬ ಭರವಸೆಯಲ್ಲಿ ಏನನ್ನೂ ವಿಚಾರಿಸದೆ ಹೊರಡುವುದುಂಟು. ವಾಸ್ತವದಲ್ಲಿ ಬಿಸಿಲೆಯೂ ನೆಲದ ಮೇಲಿನ ಒಂದು ದ್ವೀಪವೇ ಸರಿ. ಸಕಲೇಶಪುರ ಪಟ್ಟಣವನ್ನು ಬಿಟ್ಟ ಮೇಲೆ ಪೆಟ್ರೋಲ್, ಔಷಧ, ನಗದು ಇತ್ಯಾದಿಗಳು ಬೇಕೆಂದಲ್ಲಿ ಬೇಕೆಂದಾಗ ದೊರೆಯುವುದಿಲ್ಲ. ಮೊಬೈಲ್ ಸಂಪರ್ಕವು ತಿರುವಿಗೊಮ್ಮೆ ಬಂದು ಹೋಗುತ್ತದೆ. ಕತ್ತಲಾದ ನಂತರ ರಸ್ತೆಯೂ ಮನುಷ್ಯರ ಪಾಲಿಗೆ ಇರುವುದಿಲ್ಲ. ಅದಕ್ಕೆ ಕಾರಣವನ್ನು ಮುಂದೆ ವಿವರಿಸಲಾಗಿದೆ.

ಸ್ಥಳ ಪರಿಚಯ

ಸಕಲೇಶಪುರದಿಂದ ಹೆತ್ತೂರು, ವಣಗೂರು ಮಾರ್ಗವಾಗಿ ಬಿಸಿಲೆಗೆ ಸುಮಾರು 50 ಕಿ.ಮೀ. ದೂರವಿದ್ದು, ಅಲ್ಲಿಂದ ಘಾಟಿ ರಸ್ತೆಯು ಕಾಡಿನೊಳಗೆ ಇಳಿದು ಕುಕ್ಕೆ ಸುಬ್ರಹ್ಮಣ್ಯದ ಕಡೆಗೆ ಸಾಗುತ್ತದೆ. ಘಾಟಿಯ ಮೇಲ್ಭಾಗದಲ್ಲಿರುವ ವೀಕ್ಷಣಾ ಸ್ಥಳದಿಂದ ಕಣಿವೆ, ಅದರೊಳಗಿನ ಗಿರಿಹೊಳೆ ಹಾಗೂ ಎದುರಿಗೆ 1712 ಮೀಟರ್ ಎತ್ತರದ ಕುಮಾರ ಪರ್ವತವು ಕಾಣುತ್ತದೆ. ಬಿಸಿಲೆ ಎಂಬ ಹೆಸರು ಬಿಸಿಲನ್ನು ನೆನಪಿಸಿದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲು ಅಪರೂಪ. ಆ ತಿಂಗಳುಗಳಲ್ಲಿ ವೀಕ್ಷಣಾ ಸ್ಥಳದಲ್ಲಿ ದಿನವಿಡೀ ನಿಂತರೂ ಮಂಜಿನ ಹೊರತು ಬೇರೇನೂ ಕಾಣದಿರುವ ಸಂಭವವೇ ಹೆಚ್ಚು.

ಸಮೀಪದ ಮಂಕನಹಳ್ಳಿಯ ಬಳಿ ಜಲವಿಭಾಜಕವನ್ನು ಸೂಚಿಸುವ ಹಳೆಯ ಕಲ್ಲೊಂದಿದೆ. ಅದರ ಒಂದು ಬದಿಗೆ ಬಿದ್ದ ಮಳೆನೀರು ಹೇಮಾವತಿಯನ್ನು ಸೇರಿ ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇನ್ನೊಂದು ಬದಿಯ ನೀರು ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಮಕ್ಕಳೊಡನೆ ಬರುವವರು ತಪ್ಪದೆ ನೋಡಬೇಕಾದ ಸ್ಥಳವಿದು. ಭೂಗೋಳ ಪಾಠದ ಎರಡು ಪುಟಗಳು ಇಲ್ಲಿ ಒಂದೇ ಕಲ್ಲಿನ ಬಳಿ ಅರ್ಥವಾಗುತ್ತವೆ.

ಅನುಮತಿ: ಯಾವುದಕ್ಕೆ, ಯಾವ ಕಚೇರಿಗೆ

ಸಾರ್ವಜನಿಕ ರಸ್ತೆಯಲ್ಲಿ ಸಂಚರಿಸಲು ಹಾಗೂ ತೆರೆದಿರುವ ವೇಳೆಯಲ್ಲಿ ವೀಕ್ಷಣಾ ಸ್ಥಳಕ್ಕೆ ಭೇಟಿ ನೀಡಲು ಪ್ರತ್ಯೇಕ ಅರ್ಜಿಯ ಅಗತ್ಯವಿಲ್ಲ. ರಸ್ತೆಯನ್ನು ಬಿಟ್ಟು ಕಾಡಿನೊಳಗೆ ಕಾಲಿಡುವುದು ಬೇರೆಯೇ ವಿಷಯ. ಮೀಸಲು ಅರಣ್ಯದೊಳಗೆ ಅತಿಕ್ರಮ ಪ್ರವೇಶ, ಬೆಂಕಿ ಹಚ್ಚುವುದು ಮುಂತಾದವು ಕರ್ನಾಟಕ ಅರಣ್ಯ ಅಧಿನಿಯಮ, 1963ರ 24ನೇ ಪ್ರಕರಣದನ್ವಯ ನಿಷಿದ್ಧವಾಗಿವೆ. ರಾತ್ರಿ ಡೇರೆ ಹಾಕಿ ಶಿಬಿರಾಗ್ನಿ ಮಾಡುವ ಆಲೋಚನೆಯುಳ್ಳವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಅರ್ಜಿದಾರರಿಗೆ ಹೆಚ್ಚಿನ ಗೊಂದಲವಾಗುವುದು ವ್ಯಾಪ್ತಿಯ ವಿಷಯದಲ್ಲಿ. ವೀಕ್ಷಣಾ ಸ್ಥಳದಲ್ಲಿ ನಿಂತವರಿಗೆ ಕಾಣುವುದು ಒಂದೇ ಹಸಿರು. ಆಡಳಿತದ ದೃಷ್ಟಿಯಲ್ಲಿ ಅದು ಮೂರು ಜಿಲ್ಲೆಗಳಿಗೆ ಹಂಚಿಹೋಗಿದೆ. ಸಕಲೇಶಪುರ ತಾಲ್ಲೂಕಿನ ಮೀಸಲು ಅರಣ್ಯವು ಹಾಸನ ಅರಣ್ಯ ವಿಭಾಗಕ್ಕೆ ಸೇರಿದ್ದು, ಸ್ಥಳೀಯವಾಗಿ ಯಸಳೂರು ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಎದುರಿಗೆ ಕಾಣುವ ಪುಷ್ಪಗಿರಿ ವನ್ಯಜೀವಿಧಾಮವು ಕೊಡಗು ಜಿಲ್ಲೆಯಲ್ಲಿದ್ದು, ಮಡಿಕೇರಿ ವನ್ಯಜೀವಿ ವಿಭಾಗದ ಅಧೀನದಲ್ಲಿದೆ. ಇದು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಒಂದು. ಇಲ್ಲಿಯ ಪ್ರವೇಶಕ್ಕೆ ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ 27 ಮತ್ತು 28ನೇ ಪ್ರಕರಣಗಳು ಅನ್ವಯಿಸುತ್ತವೆ. ಘಾಟಿಯ ಕೆಳಭಾಗವು ಮಂಗಳೂರು ವಿಭಾಗದ ಸುಬ್ರಹ್ಮಣ್ಯ ವಲಯಕ್ಕೆ ಸೇರುತ್ತದೆ. ಒಂದು ವಿಭಾಗದಲ್ಲಿ ಪಡೆದ ಅನುಮತಿಯು ಹಳ್ಳ ದಾಟಿದ ಕೂಡಲೇ ಊರ್ಜಿತವಾಗಿರುವುದಿಲ್ಲ.

ಕುಮಾರ ಪರ್ವತವು ಬಿಸಿಲೆಯಿಂದ ಕಾಣುತ್ತದೆಂದ ಮಾತ್ರಕ್ಕೆ ಇಲ್ಲಿಂದ ಹತ್ತಬಹುದೆಂದು ತಿಳಿಯಬಾರದು. ಅದರ ಚಾರಣ ಪಥಗಳು ಇರುವುದು ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹಾಗೂ ಸೋಮವಾರಪೇಟೆ ಕಡೆಯ ಬೀದಳ್ಳಿಯಿಂದ. 2024ರ ಜನವರಿ ಕೊನೆಯ ವಾರದ ಸಾಲು ರಜೆಯಲ್ಲಿ ಈ ಪರ್ವತಕ್ಕೆ ಸಾವಿರಾರು ಜನ ಒಮ್ಮೆಲೇ ಬಂದ ತರುವಾಯ, ಆನ್‌ಲೈನ್ ಮುಂಗಡ ನೋಂದಣಿ ಇಲ್ಲದ ಚಾರಣಗಳನ್ನು ರಾಜ್ಯದಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಲಾಯಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ‘ಅರಣ್ಯ ವಿಹಾರ’ ಜಾಲತಾಣವನ್ನು ಆರಂಭಿಸಿ, ಪಥವೊಂದಕ್ಕೆ ದಿನಕ್ಕೆ 300 ಜನರ ಮಿತಿಯನ್ನು ಗೊತ್ತುಪಡಿಸಲಾಯಿತು. ಚಾರಣವೇ ಮುಖ್ಯ ಉದ್ದೇಶವಾಗಿದ್ದಲ್ಲಿ ಮೊದಲು ಆ ಜಾಲತಾಣವನ್ನು ನೋಡಿ, ಅನಂತರ ರಜೆಯನ್ನು ಮಂಜೂರು ಮಾಡಿಸಿಕೊಳ್ಳುವುದು ಒಳ್ಳೆಯದು. ಈ ಕ್ರಮವನ್ನು ತಿರುವುಮುರುವು ಮಾಡಿದವರಿಗೆ ರಜೆ ಮಾತ್ರ ಉಳಿಯುತ್ತದೆ.

ಅರ್ಜಿಯಲ್ಲಿ ತಂಡದ ಪ್ರತಿಯೊಬ್ಬರ ಹೆಸರು, ವಯಸ್ಸು, ಗುರುತಿನ ಚೀಟಿಯ ವಿವರ, ವಾಹನ ಸಂಖ್ಯೆ, ಪ್ರವೇಶದ ದಿನಾಂಕ, ಉದ್ದೇಶ ಹಾಗೂ ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದ ಮನೆಯವರ ದೂರವಾಣಿ ಸಂಖ್ಯೆಯನ್ನು ಬರೆಯುವುದು ಸೂಕ್ತ. “ಬಿಸಿಲೆ ಕಾಡು ನೋಡಲು” ಎಂದಷ್ಟೇ ಬರೆದರೆ ಯಾವ ಕಚೇರಿಗೂ ಏನೂ ತಿಳಿಯುವುದಿಲ್ಲ. ಯಾವ ಸ್ಥಳದಿಂದ ಯಾವ ಸ್ಥಳದವರೆಗೆ, ನಡಿಗೆಯಲ್ಲೋ ವಾಹನದಲ್ಲೋ ಎಂಬುದು ಸ್ಪಷ್ಟವಾಗಿರಲಿ. ಡ್ರೋನ್ ಹಾರಿಸುವ ಅಥವಾ ಚಿತ್ರೀಕರಣ ನಡೆಸುವ ಉದ್ದೇಶವಿದ್ದಲ್ಲಿ ಅದನ್ನು ಪ್ರತ್ಯೇಕವಾಗಿ ಕೋರಬೇಕು.

ಕಾಡಾನೆಗಳು

ಸಕಲೇಶಪುರ ಹಾಗೂ ಆಲೂರು ತಾಲ್ಲೂಕುಗಳಲ್ಲಿ ಆನೆ ಕಾಡಿನೊಳಗಷ್ಟೇ ಇರುವ ಪ್ರಾಣಿಯಲ್ಲ. ಕಾಫಿ ತೋಟ, ಗದ್ದೆ, ಊರ ರಸ್ತೆ ಎಲ್ಲವೂ ಅದರ ದಾರಿಯೇ. 2014ರಲ್ಲಿ ಆಲೂರು ಭಾಗದಿಂದ 22 ಆನೆಗಳನ್ನು ಹಿಡಿದು ಸ್ಥಳಾಂತರಿಸಿದ ನಂತರವೂ ಸಮಸ್ಯೆ ತೀರಲಿಲ್ಲ. ಮೈಸೂರು ದಸರೆಯಲ್ಲಿ 2012ರಿಂದ 2019ರವರೆಗೆ ಎಂಟು ಬಾರಿ ಅಂಬಾರಿ ಹೊತ್ತ ಅರ್ಜುನನು 2023ರ ಡಿಸೆಂಬರ್ 4ರಂದು ಕಾಡಾನೆ ಸೆರೆ ಕಾರ್ಯಾಚರಣೆಯಲ್ಲಿ ಕಾಡಾನೆಯೊಂದರ ದಾಳಿಗೆ ಸಿಲುಕಿ ಮೃತಪಟ್ಟದ್ದು ಇದೇ ಯಸಳೂರು ವಲಯದಲ್ಲಿ. ಪಳಗಿದ, ಅನುಭವಿ ಸಲಗಕ್ಕೇ ಹೀಗಾದ ಕಾಡಿನಲ್ಲಿ ಕಾರು ನಿಲ್ಲಿಸಿ ಸೆಲ್ಫಿ ತೆಗೆಯಲು ಇಳಿಯುವವರಿಗೆ ಬೇರೆ ವಿವರಣೆ ಬೇಕಾಗಿಲ್ಲ.

ಆದ್ದರಿಂದ ಸಂಜೆ 6 ಗಂಟೆಯ ಒಳಗಾಗಿ ವಸತಿ ಸ್ಥಳವನ್ನು ತಲುಪುವಂತೆ ಪ್ರಯಾಣವನ್ನು ನಿಗದಿಪಡಿಸಿಕೊಳ್ಳಬೇಕು. ಮುಂಜಾನೆ ಮಂಜಿನಲ್ಲಿ ತೋಟದ ರಸ್ತೆಯಲ್ಲಿ ವಾಯುವಿಹಾರಕ್ಕೆ ಹೋಗುವ ಅಭ್ಯಾಸವನ್ನು ಎರಡು ದಿನಗಳ ಮಟ್ಟಿಗೆ ಬಿಡಬೇಕು. ಆನೆಗಳ ಚಲನವಲನವನ್ನು ಮೊಬೈಲ್ ಸಂದೇಶ ಹಾಗೂ ಸೂಚನಾ ಫಲಕಗಳ ಮೂಲಕ ತಿಳಿಸುವ ವ್ಯವಸ್ಥೆ ಈ ಭಾಗದಲ್ಲಿದೆ. ಆದರೂ ಅಂದಿನ ನಿಖರ ಸಂಗತಿ ತಿಳಿಯುವುದು ತಂಗಿದ ಮನೆಯವರಿಂದ ಹಾಗೂ ತೋಟದ ಕಾರ್ಮಿಕರಿಂದ. “ಇವತ್ತು ಆ ಕಡೆ ಹೋಗ್ಬೇಡಿ ಸ್ವಾಮಿ” ಎಂದು ಅವರು ಹೇಳಿದಲ್ಲಿ ಕಾರಣ ಕೇಳುತ್ತ ನಿಲ್ಲದೆ ಹಿಂದಿರುಗತಕ್ಕದ್ದು. ಭತ್ತ ಕೊಯ್ಲಿಗೆ ಬರುವ ನವೆಂಬರ್, ಡಿಸೆಂಬರ್ ತಿಂಗಳುಗಳಲ್ಲಿ ಹೆಚ್ಚಿನ ಎಚ್ಚರ ಅಗತ್ಯ.

ಕಾಲ, ದಾರಿ ಮತ್ತು ವೇಳೆ

ವಿಶ್ರಾಂತಿಗೆ ಬರುವವರಿಗೆ ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಕಾಲ ಅನುಕೂಲ. ಅನಂತರದ್ದು ಕಾಳ್ಗಿಚ್ಚಿನ ಕಾಲ. ಮಳೆಗಾಲದಲ್ಲಿ ಘಾಟಿಗಳಲ್ಲಿ ಭೂಕುಸಿತವು ಹೊಸತೇನಲ್ಲ. 2018ರ ಆಗಸ್ಟ್ ಹಾಗೂ 2024ರ ಜುಲೈ ತಿಂಗಳ ಮಳೆಗೆ ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ರೈಲು ಸಂಚಾರವೇ ಸ್ಥಗಿತಗೊಂಡಿತ್ತು. ಆ ದಿನಗಳಲ್ಲಿ ಜಿಲ್ಲಾಧಿಕಾರಿಗಳು ಹೊರಡಿಸುವ ಸಂಚಾರ ನಿರ್ಬಂಧದ ಆದೇಶವನ್ನು ಹೊರಡುವ ದಿನವೇ ಪರಿಶೀಲಿಸಬೇಕು. ಚಂಪಾಷಷ್ಠಿಯ ಆಸುಪಾಸಿನಲ್ಲಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗುವ ಭಕ್ತಾದಿಗಳಿಂದ ಈ ಭಾಗದ ರಸ್ತೆಗಳಲ್ಲಿ ದಟ್ಟಣೆಯಾಗುವುದರಿಂದ, ಮೌನವನ್ನು ಅರಸಿ ಬರುವವರು ಆ ವಾರವನ್ನು ಬಿಡುವುದು ಲೇಸು.

ಬೆಂಗಳೂರಿನಿಂದ ಬರುವವರು ಶುಕ್ರವಾರ ಕಚೇರಿ ಮುಗಿಸಿ ಹೊರಟು ಮಧ್ಯರಾತ್ರಿ ಬಿಸಿಲೆ ತಲುಪುವ ಯೋಜನೆಯನ್ನು ಕೈಬಿಡಬೇಕು. ಸಕಲೇಶಪುರದಲ್ಲಿ ರಾತ್ರಿ ಉಳಿದು, ಅಥವಾ ಶನಿವಾರ ಬೆಳಗ್ಗೆ ರೈಲು ಇಲ್ಲವೇ ಬಸ್ಸಿನಲ್ಲಿ ಬಂದು, ಹಗಲಿನಲ್ಲಿ ಮುಂದುವರಿಯುವುದು ಸರಿಯಾದ ಕ್ರಮ. ಲೆಕ್ಕ ಸರಳವಾಗಿದೆ: ಇರುವುದು ಎರಡು ಹಗಲು, ಅದರಲ್ಲಿ ಒಂದು ಹಗಲಿನಷ್ಟು ಪ್ರಯಾಣಕ್ಕೇ ಖರ್ಚಾಗುತ್ತದೆ. ಉಳಿದ ಒಂದರಲ್ಲಿ 1792ರ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ, ಮೂಕನಮನೆ ಅಬ್ಬಿ, ಪಟ್ಲ ಬೆಟ್ಟ, ಬಿಸಿಲೆ, ಕುಕ್ಕೆ ಎಲ್ಲವನ್ನೂ ತುಂಬಲು ಹೊರಟರೆ ಪ್ರವಾಸವಾಗಬಹುದು, ವಿಶ್ರಾಂತಿಯಾಗುವುದಿಲ್ಲ. ದಾರಿಯಲ್ಲೇ ಸಿಗುವ ಕೋಟೆ ಹಾಗೂ ಬೆಳಗಿನ ವೀಕ್ಷಣಾ ಸ್ಥಳ, ಇವೆರಡೇ ಸಾಕೆಂಬುದು ನಮ್ಮ ಅಭಿಪ್ರಾಯ.

ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರಸ್ತೆ ನಿಲ್ದಾಣಗಳ ನಡುವಿನ ರೈಲು ಹಳಿಯ ಮೇಲೆ ನಡೆದು, 57 ಸುರಂಗಗಳನ್ನು ನೋಡುವ ಆಸೆಯುಳ್ಳವರು ಈಗಲೂ ಇದ್ದಾರೆ. ಇದು ರೈಲ್ವೆ ಅಧಿನಿಯಮ, 1989ರ 147ನೇ ಪ್ರಕರಣದನ್ವಯ ಆರು ತಿಂಗಳವರೆಗಿನ ಕಾರಾವಾಸ ಅಥವಾ ದಂಡಕ್ಕೆ ಗುರಿಪಡಿಸಬಹುದಾದ ಅಪರಾಧ. ಸುರಂಗದೊಳಗೆ ರೈಲು ಎದುರಾದರೆ ಸರಿಯಲು ಸ್ಥಳವೂ ಸಾಲದು. ಅದೇ ಸುರಂಗಗಳನ್ನು ಹಗಲಿನ ರೈಲಿನ ಕಿಟಕಿಯಿಂದ ಯಾವ ಅನುಮತಿಯೂ ಇಲ್ಲದೆ ನೋಡಬಹುದು.

ವಸತಿ ಹಾಗೂ ಇತರೆ

ಹೋಂಸ್ಟೇ ಕಾಯ್ದಿರಿಸುವಾಗ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆಯಬೇಕು. “ಕಾಡಿನೊಳಗೆ ಕರೆದೊಯ್ಯುತ್ತೇವೆ” ಎಂಬ ಭರವಸೆಯು ಅರಣ್ಯ ಇಲಾಖೆಯ ಅನುಮತಿಗೆ ಬದಲಿಯಾಗುವುದಿಲ್ಲ. ಪ್ರಕರಣ ದಾಖಲಾದಲ್ಲಿ ಕರೆದೊಯ್ದವರ ಜೊತೆಗೆ ಹೋದವರೂ ಉತ್ತರಿಸಬೇಕಾಗುತ್ತದೆ. ತೋಟಗಳು ಖಾಸಗಿ ಸ್ವತ್ತು. ಕಾಫಿ ಕೊಯ್ಲಿನ ದಿನಗಳಲ್ಲಿ ಕಣದಲ್ಲಿ ಹರಡಿದ ಕಾಫಿಯ ಮೇಲೆ ಓಡಾಡಬಾರದು. ಮಳೆ ನಿಂತ ಹೊಸತರಲ್ಲಿ ಇಂಬಳಗಳ ಕಾಟವಿರುವುದರಿಂದ ಉದ್ದನೆಯ ಕಾಲುಚೀಲ ಹಾಗೂ ಸ್ವಲ್ಪ ಉಪ್ಪು ಜೊತೆಗಿರಲಿ.

ಕಾಡಾನೆ, ಕಾಳ್ಗಿಚ್ಚು ಅಥವಾ ದಾರಿ ತಪ್ಪಿದ ಸಂದರ್ಭದಲ್ಲಿ ಅರಣ್ಯ ಇಲಾಖೆಯ ಸಹಾಯವಾಣಿ 1926, ಇತರೆ ತುರ್ತು ಸಂದರ್ಭಗಳಲ್ಲಿ 112 ಹಾಗೂ ಆಂಬುಲೆನ್ಸ್‌ಗಾಗಿ 108ಕ್ಕೆ ಕರೆ ಮಾಡಬಹುದು. ಸಂಪರ್ಕವು ಮಧ್ಯದಲ್ಲಿ ಕಡಿತವಾಗುವ ಸಂಭವವಿರುವುದರಿಂದ, ಕರೆ ಸಿಕ್ಕಿದ ಕೂಡಲೇ ಮೊದಲು ಹತ್ತಿರದ ಊರಿನ ಅಥವಾ ತೋಟದ ಹೆಸರನ್ನು ತಿಳಿಸಿ, ಉಳಿದ ವಿವರಗಳನ್ನು ಅನಂತರ ನೀಡುವಂತೆ ಕೋರಲಾಗಿದೆ.