ಶಾಲೆಗೆ ಸಲ್ಲಬೇಕಾದ ಆರು ಪಾಲು

1911ರಲ್ಲಿ ಗೋಪಾಲಕೃಷ್ಣ ಗೋಖಲೆಯವರು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಮಸೂದೆಯೊಂದನ್ನು ವೈಸರಾಯರ ಶಾಸನಸಭೆಯ ಮುಂದಿಟ್ಟರು. ಮರುವರ್ಷ ಅದು ಸೋತುಹೋಯಿತು. ಪರರ ಸರ್ಕಾರವು ನಮ್ಮ ಮಕ್ಕಳ ಅಕ್ಷರಕ್ಕಾಗಿ ಬೊಕ್ಕಸವನ್ನು ಬಿಚ್ಚಲೊಲ್ಲದೆ ಹೋದುದರಲ್ಲಿ ವಿಸ್ಮಯವೇನೂ ಇಲ್ಲ. ಸ್ವರಾಜ್ಯ ಬಂದು ಮುಕ್ಕಾಲು ಶತಮಾನ ಸಂದಮೇಲೂ ಆ ಬಿಗಿತ ಸಡಿಲಗೊಳ್ಳದಿರುವುದೇ ವಿಸ್ಮಯ.

ಡಿ. ಎಸ್. ಕೊಠಾರಿಯವರ ಅಧ್ಯಕ್ಷತೆಯ ಶಿಕ್ಷಣ ಆಯೋಗವು 1966ರಲ್ಲಿ ವರದಿಯನ್ನೊಪ್ಪಿಸುತ್ತ, ಇಪ್ಪತ್ತು ವರ್ಷಗಳೊಳಗೆ ರಾಷ್ಟ್ರೀಯ ಆದಾಯದ ಶೇಕಡ 6ರಷ್ಟಾದರೂ ವಿದ್ಯೆಗೆ ಸಲ್ಲಬೇಕೆಂದು ಲೆಕ್ಕಹಾಕಿ ಹೇಳಿತು. 1968ರ ರಾಷ್ಟ್ರೀಯ ನೀತಿ ಅದನ್ನು ಅಂಗೀಕರಿಸಿತು, 1986ರ ನೀತಿ ಪುನರುಚ್ಚರಿಸಿತು. 2020ರ ನೀತಿಯಂತೂ, ಕೇಂದ್ರವೂ ರಾಜ್ಯಗಳೂ ಕೂಡಿ ಮಾಡುವ ವೆಚ್ಚ 2017-18ರಲ್ಲಿ ಒಟ್ಟು ಆಂತರಿಕ ಉತ್ಪನ್ನದ ಶೇಕಡ 4.43ರಷ್ಟೇ ಇತ್ತೆಂದು ಒಪ್ಪಿಕೊಂಡು, ಹಳೆಯ ಆರನ್ನೇ ಮತ್ತೆ ಬರೆಯಿತು.

ಈ ಕೊರತೆಯನ್ನು ರಾಜ್ಯಗಳೇ ತುಂಬಿಕೊಳ್ಳಲೆಂಬ ವಾದವುಂಟು. ಉಪಾಧ್ಯಾಯರ ಸಂಬಳವೇ ಮೊದಲಾದ ಭಾರದ ಬಹುಪಾಲನ್ನು ಈಗಾಗಲೇ ಹೊತ್ತಿರುವವು ಅವೇ. ಆದರೆ ದೇಶದ ಸಂಪತ್ತಿನೊಡನೆ ಬೆಳೆಯುವ ಆದಾಯ ತೆರಿಗೆ, ಕಂಪನಿ ತೆರಿಗೆ, ಸೀಮಾ ಸುಂಕಗಳನ್ನು ವಿಧಿಸುವ ಅಧಿಕಾರವಿರುವುದು ಕೇಂದ್ರಕ್ಕೆ. 1976ರ ನಲವತ್ತೆರಡನೆಯ ತಿದ್ದುಪಡಿಯಿಂದ ಶಿಕ್ಷಣವು ರಾಜ್ಯಪಟ್ಟಿಯನ್ನು ಬಿಟ್ಟು ಸಮವರ್ತಿ ಪಟ್ಟಿಗೆ ಸೇರಿತಷ್ಟೆ. ಅಧಿಕಾರದಲ್ಲಿ ಪಾಲುಗೊಂಡವರು ವೆಚ್ಚದಲ್ಲಿಯೂ ಪಾಲುಗೊಳ್ಳುವುದು ನ್ಯಾಯ. ಸರ್ವಶಿಕ್ಷಾ ಅಭಿಯಾನ ಆರಂಭವಾದಾಗ ನೂರು ರೂಪಾಯಿಯಲ್ಲಿ 85ನ್ನು ಕೇಂದ್ರವೇ ಕೊಡುತ್ತಿತ್ತು; ಬರಬರುತ್ತ ಅದು 75ಕ್ಕೂ 65ಕ್ಕೂ ಇಳಿದು, ಈಗಿನ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಕರ್ನಾಟಕವೂ ಸೇರಿದಂತೆ ಹೆಚ್ಚಿನ ರಾಜ್ಯಗಳಿಗೆ 60ರಲ್ಲಿ ನಿಂತಿದೆ. ಈಶಾನ್ಯದ ಮತ್ತು ಹಿಮಾಲಯದ ರಾಜ್ಯಗಳಿಗೆ ಮಾತ್ರ 90. ಬಿಹಾರದಂಥ ಬಡ ರಾಜ್ಯವೂ ತನ್ನ 40ನ್ನು ಹೊಂದಿಸಿಕೊಳ್ಳಬೇಕು. ಹೊಂದಿಸಲಾರದ ಕಡೆ ಕೇಂದ್ರದ ಹಣವೂ ತಡೆದುನಿಲ್ಲುತ್ತದೆ. ಕೊರತೆ ಹೆಚ್ಚಿರುವಲ್ಲಿಯೇ ನೆರವು ತಡವಾಗುವ ಈ ಏರ್ಪಾಡನ್ನು ವಿವೇಕವೆನ್ನಲು ನನಗೆ ಮನಸ್ಸಾಗದು.

ಇನ್ನು 2004ರಲ್ಲಿ ಶೇಕಡ 2ರಂತೆ ಬಂದ ಶಿಕ್ಷಣ ಉಪಕರ. ಅದರಿಂದ ಶಾಲೆಗಳಿಗೆ ಮಧ್ಯಾಹ್ನದ ಊಟವೂ ಕೊಠಡಿಗಳೂ ದೊರೆತುದು ನಿಜ. ಆದರೆ ಉಪಕರದ ಉತ್ಪತ್ತಿಯನ್ನು ಇತರ ತೆರಿಗೆಗಳಂತೆ ರಾಜ್ಯಗಳೊಡನೆ ಹಂಚಿಕೊಳ್ಳಬೇಕಾಗಿಲ್ಲವಾದುದರಿಂದ, ಅದನ್ನೆಷ್ಟು ಹಿಗ್ಗಿಸಿದರೂ ಯಾವ ಶಾಲೆಗೆ ಯಾವುದು ಬೇಕೆಂಬ ತೀರ್ಮಾನ ದೆಹಲಿಯಲ್ಲಿಯೇ ಉಳಿಯುತ್ತದೆ. ಹೆಚ್ಚಳವು ಹಂಚಿಕೆಯಾಗುವ ತೆರಿಗೆಯ ಮೂಲಕವೇ ಬರಬೇಕು. ಉಪಾಧ್ಯಾಯರನ್ನು ಖಾಯಮಾಗಿ ನೇಮಿಸಿಕೊಳ್ಳುವ ಧೈರ್ಯ ರಾಜ್ಯಗಳಿಗೆ ಬರುವಂತೆ, ಹಲವು ವರ್ಷಗಳಿಗೆ ಮೊದಲೇ ಗೊತ್ತುಮಾಡಿದ ಮೊತ್ತವಾಗಿ ಬರಬೇಕು.