ಊರು ಬಿಟ್ಟವರಿಗೆ ಆಸರೆ ಯಾರು?

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ, ಮಗನೋ ಮಗಳೋ ಬೆಂಗಳೂರು ಸೇರದಿರುವ ಮನೆ ಈಗ ಅಪರೂಪ. ಮಕ್ಕಳು ಏಕೆ ಹೋದರು ಎಂಬುದನ್ನು ನಾವು ಬೇಕಾದಷ್ಟು ಚರ್ಚಿಸಿದ್ದೇವೆ. ಹೋದವರು ಅಲ್ಲಿ ಹೇಗೆ ನೆಲೆ ಕಂಡುಕೊಂಡರು ಎಂದು ವಿಚಾರಿಸಿದವರು ಕಡಿಮೆ.

ಹೊಸ ಊರಿನಲ್ಲಿ ಮೊದಲು ಬೇಕಾದುವು ಮೂರು: ತಲೆಯ ಮೇಲೊಂದು ಸೂರು, ಹೊತ್ತಿಗೆ ಊಟ, 'ಇವನು ನಮ್ಮ ಕಡೆಯವನು' ಎಂದು ಹೇಳಬಲ್ಲ ಒಬ್ಬ ಹಿರಿಯ. ಹಿಂದಿನ ತಲೆಮಾರಿಗೆ ಇವನ್ನು ಬಹುಮಟ್ಟಿಗೆ ಒದಗಿಸಿದ್ದು ಆಯಾ ಸಮಾಜದ ಸಂಸ್ಥೆಗಳು. ಗುಬ್ಬಿ ತೋಟದಪ್ಪನವರ ಛತ್ರ 1903ರಲ್ಲಿ ಬೆಂಗಳೂರು ರೈಲು ನಿಲ್ದಾಣದ ಬಳಿ ಆರಂಭವಾಯಿತು. ಒಕ್ಕಲಿಗರ ಸಂಘ 1906ರಲ್ಲಿ, ಅಖಿಲ ಹವ್ಯಕ ಮಹಾಸಭೆ 1943ರಲ್ಲಿ ಹುಟ್ಟಿದವು. ಸಂಸ್ಥೆಗಳ ಜೊತೆಗೆ ಸಣ್ಣ ಕೊಂಡಿಗಳೂ ಇದ್ದವು. ರಾತ್ರಿ ಬಸ್ಸಿನಲ್ಲಿ ಬಂದ ಅಪ್ಪೆಮಿಡಿ ಉಪ್ಪಿನಕಾಯಿಯ ಡಬ್ಬಿ ನಾಲ್ಕು ಕೋಣೆಗಳಿಗೆ ಹಂಚಿಕೆಯಾಗುತ್ತಿತ್ತು. ಮಳೆಗಾಲದಲ್ಲಿ ತಿರುಗಾಟ ನಿಲ್ಲಿಸಿದ ಮೇಳಗಳು ರವೀಂದ್ರ ಕಲಾಕ್ಷೇತ್ರದಲ್ಲಿ ಆಟ ಆಡಿದಾಗ, ಚೆಂಡೆಯ ಸದ್ದಿಗೆ ಕೂಡಿದವರು ಬೆಳಗಿನ ಜಾವದ ಹೊತ್ತಿಗೆ ಪರಿಚಿತರಾಗಿರುತ್ತಿದ್ದರು.

ಆದರೆ ನೆಂಟರ ಬಳಗವೊಂದೇ ಸಾಲದು. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಒಂದು ವಿಚಾರ ತೋರಿಸಿದರು. ಪರಿಚಯದ ಮೂಲಕ ಕೆಲಸ ಪಡೆದವರಲ್ಲಿ ಹೆಚ್ಚಿನವರಿಗೆ ಸುದ್ದಿ ಸಿಕ್ಕಿದ್ದು ದಿನವೂ ಕಾಣುವ ಆಪ್ತರಿಂದಲ್ಲ, ಆಗೊಮ್ಮೆ ಈಗೊಮ್ಮೆ ಕಾಣುವವರಿಂದ. ಕಾರಣ ಸರಳ: ನಮ್ಮ ಆಪ್ತರಿಗೆ ತಿಳಿದದ್ದು ಬಹುಪಾಲು ನಮಗೂ ತಿಳಿದಿರುತ್ತದೆ. ಹೊಸ ಸುದ್ದಿ ಬರುವುದು ಬೇಲಿಯಾಚೆಯಿಂದ. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್ ಇಂಥ ಬೇಲಿಯಾಚೆಯ ಪರಿಚಯಗಳನ್ನು ಬೆಳೆಸಿದ್ದು ನಮ್ಮ ಕಣ್ಣೆದುರಿಗೇ ಇದೆ.

ಬಳಗ ಕಳೆದುಕೊಂಡರೆ ಏನಾಗುತ್ತದೆ ಎಂಬುದನ್ನೂ ನಮ್ಮ ಸೀಮೆ ಕಂಡಿದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಸಾಗರ, ಹೊಸನಗರ ತಾಲೂಕುಗಳ ಹಳ್ಳಿಗಳು ಮುಳುಗಿದಾಗ, ಚದುರಿ ಹೋದವರಿಗೆ ಗದ್ದೆ ತೋಟದ ಜೊತೆಗೆ ನೆರೆಹೊರೆಯೂ ಹೋಯಿತು. ಪರಿಹಾರದ ಲೆಕ್ಕದಲ್ಲಿ ಅದಕ್ಕೆ ಬೆಲೆ ಕಟ್ಟಿದವರಿಲ್ಲ.

ಇಂದು ಇದೇ ಸ್ಥಿತಿ ಬೇರೆ ರೂಪದಲ್ಲಿದೆ. ನಗರದಲ್ಲಿ ಚಿಕ್ಕಪ್ಪನ ಮನೆಯಾಗಲೀ ಸಮಾಜದ ವಿದ್ಯಾರ್ಥಿನಿಲಯವಾಗಲೀ ಇಲ್ಲದ ಮಕ್ಕಳೂ ನಮ್ಮ ಊರುಗಳಿಂದ ಹೋಗುತ್ತಿದ್ದಾರೆ. ನಮ್ಮ ಮರ ಹತ್ತಿ ಕೊಳೆಗೆ ಔಷಧಿ ಹೊಡೆಯುವವರ, ಕೊನೆ ಕೊಯ್ಯುವವರ ಮಕ್ಕಳು ಅವರಲ್ಲಿದ್ದಾರೆ. ಮನೆಮಾಲೀಕರು ಕೇಳುವ ಹಲವು ತಿಂಗಳ ಮುಂಗಡಕ್ಕೆ ಜಾಮೀನು ನಿಲ್ಲುವವರು ಅವರಿಗೆ ಯಾರು?

ಇಲ್ಲಿ ಸಹಕಾರ ಸಂಘಕ್ಕೆ ಕೆಲಸವಿದೆ ಎಂದು ನಾವು ಭಾವಿಸುತ್ತೇವೆ. 1939ರಲ್ಲಿ ಮ್ಯಾಮ್‌ಕೋಸ್ ಕಟ್ಟಿದ ಹಿರಿಯರು, ಒಬ್ಬೊಬ್ಬರಾಗಿ ಮಂಡಿಗೆ ಹೋದರೆ ಸೋಲುವವರು ಒಟ್ಟಾಗಿ ಹೋದರೆ ಗೆಲ್ಲಬಹುದೆಂದು ತೋರಿಸಿಕೊಟ್ಟರು. ನಗರಕ್ಕೆ ಹೋಗುವ ಮಕ್ಕಳಿಗೂ ಈ ಮಾತು ಸಲ್ಲುತ್ತದೆ. ಸಂಘದ ಷೇರು ಪಡೆಯಲು ಜಾತಿ ಅಡ್ಡಬರುವುದಿಲ್ಲ. ಈ ನೆರವಿಗೂ ಅಡ್ಡಬರಬಾರದು.

ಆದುದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ಅರಿಕೆ ಇಷ್ಟು. ಹೊಸದಾಗಿ ಬಂದವರಿಗೆ ದಾರಿ ತೋರಿಸಲು ಒಪ್ಪುವ ನಿಮ್ಮ ಮಕ್ಕಳ ವಿಳಾಸ, ಬಡಾವಣೆ, ಉದ್ಯೋಗಗಳನ್ನು ಅವರ ಸಮ್ಮತಿ ಪಡೆದು ಕಚೇರಿಗೆ ತಿಳಿಸಿ. ನಿಮ್ಮ ತೋಟದ ಕೆಲಸಗಾರರ ಮಕ್ಕಳು ಹೊರಟಿದ್ದರೆ ಅದನ್ನೂ ತಿಳಿಸಿ. ಸಂಘವು ಒಂದು ಪುಸ್ತಕ ಇಡುವ ವಿಷಯವನ್ನು ಮುಂದಿನ ಮಹಾಸಭೆಯ ಮುಂದೆ ಇಡುತ್ತೇವೆ. ಎಲೆಚುಕ್ಕೆ ರೋಗದಿಂದ ಇಳುವರಿ ಕುಸಿದ ತೋಟಗಳಲ್ಲಿ ವಯಸ್ಸಾದವರೇ ಉಳಿದಿರುವಾಗ, ಅದೇ ಪುಸ್ತಕ ಊರಿನ ಕಡೆಗೂ ನೆರವು ತಂದೀತು. ಖರ್ಚು ಒಂದು ಲೆಡ್ಜರಿನದು ಮಾತ್ರ.